ಸ್ವಾಗತ, ಲೆನ್ನಿ

ಕಾರು ನನ್ನದು. ನನ್ನ ದುಡ್ಡು, ನನ್ನ ಹೆಸರು, ಗಾಜಿನ ಮೇಲಿನ ಹಿಮ ಕೆರೆಯುವ ಕೈಯೂ ನನ್ನದೇ. ಆದರೆ ದಿನಾ ಬೆಳಿಗ್ಗೆ ಗುಂಡಿ ಒತ್ತಿದ ಕೂಡಲೇ ಅದರ ಪರದೆಯ ಮೇಲೆ ಮೂಡುತ್ತಿದ್ದುದು "ಸ್ವಾಗತ, ಲೆನ್ನಿ" ಎಂದು. ಲೆನ್ನಿ ನನ್ನ ತಮ್ಮ.

ನನ್ನ ಹಳೆಯ ಕಾರು ಹತ್ತೊಂಬತ್ತು ವರ್ಷ ದುಡಿದು, ಫೆಬ್ರವರಿಯ ಒಂದು ಭಾನುವಾರ ಚರ್ಚಿನ ಮುಂದೆಯೇ ಪ್ರಾಣ ಬಿಟ್ಟಿತು. ಹೊಸದು ಕೊಳ್ಳಲು ಹೋದಾಗ ಲೆನ್ನಿ ಜೊತೆಗೆ ಬಂದ. ನನ್ನ ಹಳೇ ಕಾಲದ ಮಡಚುವ ಫೋನು ಈ ಕಾರಿಗೆ ಹೊಂದುವುದಿಲ್ಲ ಎಂದ ಶೋರೂಮಿನವನು. "ನಂದೇ ಸೇರ್ಸಪ್ಪ, ಅದಕ್ಕೇನಂತೆ" ಎಂದು ಲೆನ್ನಿ ತನ್ನ ಫೋನು ಚಾಚಿದ. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಅಂಥ ದರಿದ್ರ ಕಾರನ್ನು ನಾನು ಕಂಡಿಲ್ಲ. ಪಕ್ಕದ ಸೀಟಿನಲ್ಲಿ ಹತ್ತು ಪೌಂಡ್ ಆಲೂಗಡ್ಡೆ ಇಟ್ಟರೆ ಬೆಲ್ಟ್ ಹಾಕು ಎಂದು ಕಿರುಚುತ್ತಿತ್ತು. ಹಾಕಿದೆ. ಆಲೂಗಡ್ಡೆಗೆ ಬೆಲ್ಟ್ ಬಿಗಿದುಕೊಂಡು ಸರೋವರದ ದಡದ ನಮ್ಮ ಇರೀ ಪಟ್ಟಣದಲ್ಲೆಲ್ಲ ಓಡಾಡಿದ ಅರವತ್ತಾರರ ಹೆಂಗಸು ನಾನೊಬ್ಬಳೇ ಇರಬೇಕು. ಕಾರು ನಿಲ್ಲಿಸುವ ಓಣಿಯಂಚಿನ ಹಿಮದ ಗುಡ್ಡೆ ಕಂಡರೆ ಗೋಡೆ ಕಂಡಂತೆ ಬೆಚ್ಚಿ ತಾನೇ ಬ್ರೇಕ್ ಹಾಕುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಪೀಡೆ ಎಂದರೆ, ನಾನು ಮನೆಯ ಪಕ್ಕದ ಓಣಿಯಲ್ಲಿ ಕಾರು ಚಾಲೂ ಮಾಡಿಕೊಂಡು ಕೂತಿರುವಾಗ ಒಳಗಿರುವ ಲೆನ್ನಿಗೆ ಕರೆ ಬಂದರೆ, ದನಿ ಅವನ ಕಿವಿಗೆ ಹೋಗದೆ ಕಾರಿಗೆ ಬರುತ್ತಿತ್ತು. ಅವನು ಒಳಗೆ ಹಲೋ ಹಲೋ ಎಂದು ಅರಚುವುದು, ಇಲ್ಲಿ ಯಾರೋ ಬಣ್ಣದ ಅಂಗಡಿಯವನು ನನಗೆ ಲೆಕ್ಕ ಒಪ್ಪಿಸುವುದು.

"ಬರ್ನಿ! ಆಫ್ ಮಾಡೇ ಮಾರಾಯ್ತಿ! ನನ್ ಫೋನ್ ನುಂಗ್ಬಿಡ್ತು!" ಎಂದು ಬಚ್ಚಲಿನ ಕಿಟಕಿಯಿಂದ ಕೂಗುತ್ತಿದ್ದ.

"ನಿನ್ ಹೆಸ್ರಿಟ್ಕೊಂಡಿದೆ, ನಿನ್ ಬುದ್ಧೀನೇ ಬಂದಿದೆ" ಎನ್ನುತ್ತಿದ್ದೆ ನಾನು.

ಎರಡು ಸಲ ಶೋರೂಮಿಗೆ ಒಯ್ದೆ. ಅದು ದೋಷವಲ್ಲ, ಸೌಲಭ್ಯ ಎಂದರು.

ಲೆನ್ನಿಯ ಸಂಸಾರ ಮುರಿದು ಎರಡು ವರ್ಷವಾಗಿತ್ತು. ಕಾರು ಕೊಳ್ಳುವುದಕ್ಕೂ ಮೊದಲು, ಅಕ್ಟೋಬರಿನಲ್ಲಿ, ಹಳೇ ಟ್ರಕ್ಕಿನ ತುಂಬ ಸಾಮಾನು ಸರಂಜಾಮು ಹೇರಿಕೊಂಡು ಬಂದವನು ಎರಡೇ ವಾರ ಎಂದಿದ್ದ. "ಮನೆ ಹಾಳು ಬಿದ್ದಿದೆ ಕಣೇ, ರಿಪೇರಿ ಮಾಡ್ಕೊಡ್ತೀನಿ" ಎಂದ. ಮನೆ ಅಮ್ಮನದು. ಅವಳು ತೀರಿಕೊಂಡ ಮೇಲೆ ನಮ್ಮಿಬ್ಬರ ಹೆಸರಿಗೂ ಬಂದಿತ್ತು. ಅವಳ ಕೊನೆಯ ಒಂಬತ್ತು ವರ್ಷ ಅವಳನ್ನು ಎತ್ತಿ ಕೂರಿಸಿ, ಮೀಯಿಸಿ, ಉಣಿಸಿದವಳು ನಾನು. ಲೆನ್ನಿ ಈಸ್ಟರಿಗೆ ಬಂದು ಹ್ಯಾಮ್ ತಿಂದು ಹೋಗುತ್ತಿದ್ದ. ನನಗೆ ಬೇರೆ ಮನೆಯಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಮನೆಯಲ್ಲೇ ಸಾಯುವುದೆಂದು ನಿಶ್ಚಯಿಸಿಕೊಂಡಿದ್ದೆ.

ಬಂದವನು ಮೊದಲು ಅಮ್ಮನ ಹಳದಿ ಅಡುಗೆಮನೆಗೆ ಬೂದಿ ಬಣ್ಣ ಬಳಿದ.

"ಇದೇನೋ ಇದು, ಅಡುಗೆಮನೆಯೋ ಹೆಣ ಇಡೋ ಕೋಣೆಯೋ?" ಎಂದೆ.

"ಈಗ ಎಲ್ರೂ ಇದೇ ಹೊಡ್ಸೋದು."

"ಎಲ್ರೂ ಅಂದ್ರೆ? ಸತ್ತೋರಾ?"

ದಿನಾ ಹೀಗೆಯೇ. ಅವನು ಕೊರೆಯುವುದು, ನಾನು ಬೈಯುವುದು, ಧೂಳು ಇಬ್ಬರ ಸಾರಿನಲ್ಲೂ. ಆದರೆ ಮಾರ್ಚಿನಲ್ಲಿ ಒಂದು ಕೆಲಸ ಮಾಡಿದ. ಓಣಿಗೆ ತೆರೆಯುವ ಪಕ್ಕದ ಬಾಗಿಲು ಇಕ್ಕಟ್ಟು, ಹೊರಗೆ ಮೂರು ಮೆಟ್ಟಿಲು. ನನ್ನ ಮಂಡಿಗಳಿಗೆ ಆ ಮೂರು ಮೆಟ್ಟಿಲು ಎಂದರೆ ಮೂರು ಮೊಳೆ. ಸರೋವರದ ಕಡೆಯಿಂದ ಚಾಕುವಿನಂಥ ಗಾಳಿ ಬೀಸುತ್ತಿದ್ದಾಗ ನಾಲ್ಕು ದಿನ ಹೊರಗೆ ನಿಂತು ಬಾಗಿಲು ಅಗಲ ಮಾಡಿದ, ಮೆಟ್ಟಿಲು ಕಿತ್ತು ಹಲಗೆಯ ಇಳಿಜಾರು ಕಟ್ಟಿದ.

"ನಿನ್ ಮಂಡಿಗೆ" ಎಂದಷ್ಟೇ ಹೇಳಿದ.

"ನಾನಿನ್ನೂ ಗಾಲಿಕುರ್ಚಿ ಹತ್ತಿಲ್ಲ ಕಣೋ" ಎಂದೆ. ಆಮೇಲೆ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನನಗೋಸ್ಕರ ಯಾರಾದರೂ ಏನಾದರೂ ಮಾಡಿ ಎಷ್ಟು ವರ್ಷವಾಗಿತ್ತೋ ನೆನಪಿರಲಿಲ್ಲ. ಅಂದಿನಿಂದ ಅವನ ಕಾಫಿಗೆ ಕೆನೆ ಹಾಕಲು ಶುರು ಮಾಡಿದೆ.

ಏಪ್ರಿಲಿನ ಒಂದು ಶನಿವಾರ ಮಧ್ಯಾಹ್ನ ಎಲೆಕೋಸು, ಸಾಸೇಜು ಕೊಂಡು ಬಂದು ಲೆನ್ನಿಯ ಟ್ರಕ್ಕಿನ ಹಿಂದೆ ಕಾರು ನಿಲ್ಲಿಸಿದೆ. ಎಲೆಕೋಸಿನ ಬೆಲ್ಟ್ ಬಿಚ್ಚುತ್ತಿದ್ದಾಗ ಕಾರು ರಿಂಗಣಿಸಿತು. ಲೆನ್ನಿ ಬಚ್ಚಲಿನಲ್ಲಿ ಟೈಲ್ಸ್ ಕೂರಿಸುತ್ತಿದ್ದ. ಅವನು ಅಲ್ಲಿ ಫೋನು ಒತ್ತಿದ, ಇಲ್ಲಿ ಒಬ್ಬ ಹೆಂಗಸಿನ ದನಿ ಕಾರು ತುಂಬಿತು.

"ಲೆನ್ನಿ? ರಿಯಲ್ ಎಸ್ಟೇಟ್ ಆಫೀಸಿಂದ ಹ್ಯಾಲೊರನ್ ಮಾತಾಡ್ತಿರೋದು. ನಿಮ್ ದನಿ ಬರ್ತಿಲ್ಲ. ಇರ್ಲಿ, ಹೇಳ್ಬಿಡ್ತೀನಿ. ನಿಮ್ಮಕ್ಕ ಸಹಿ ಹಾಕಿದ್ರಾ? ಸೋಮವಾರ ಮನೇನ ಮಾರಾಟಕ್ಕೆ ಹಾಕ್ಬೇಕು ಅಂದ್ರೆ ನಾಳೇನೇ ಕಾಗದ ನನ್ ಕೈಲಿರ್ಬೇಕು. ಬೂದಿ ಬಣ್ಣ ಚೆನ್ನಾಗಿ ಬಂದಿದೆ. ಆಮೇಲೆ ಆ ಪಕ್ಕದ ಬಾಗಿಲು ಅಗಲ ಮಾಡಿ ಅಂದಿದ್ನಲ್ಲ, ನೋಡ್ತಿರಿ, ಅದ್ರಿಂದ್ಲೇ ಬೆಲೆ ಏರುತ್ತೆ. ವಯಸ್ಸಾದೋರು ಅಂಥ ಮನೇನೇ ಹುಡುಕ್ಕೊಂಡು ಬರೋದು."

ಗುಂಡಿ ಒತ್ತಿ ಕಾರು ಆಫ್ ಮಾಡಿದೆ. ಮನೆ ಮಾರುವ ಮಾತಿಗಿಂತ ಆ ಬಾಗಿಲಿನ ಮಾತು ನನ್ನನ್ನು ಸುಟ್ಟಿತು. ನಾನು ಅತ್ತಿದ್ದೆನಲ್ಲ, ಆ ಕಣ್ಣೀರು ವಾಪಸು ಬೇಕೆನ್ನಿಸಿತು.

ಲೆನ್ನಿ ಸಿಮೆಂಟು ಮೆತ್ತಿದ ಕೈ ಮೇಲೆತ್ತಿಕೊಂಡು ಇಳಿಜಾರಿನಲ್ಲಿ ಓಡಿ ಬಂದ.

"ಯಾರದು?"

"ಯಾರೋ. ಕಟ್ ಆಯ್ತು" ಎಂದೆ.

ಊಟದ ಮೇಜಿನ ಮೇಲೆ ಅವನೇ ಕಾಗದ ತಂದಿಟ್ಟ. ಮೇಲೊಂದು ಪೆನ್ನು.

"ಬಚ್ಚಲ ಕೆಲ್ಸಕ್ಕೆ ನಗರಸಭೆಯೋರ ಅನುಮತಿ ಬೇಕು. ಇಲ್ಲೊಂದು ಸಹಿ, ಇಲ್ಲೊಂದು."

"ಕನ್ನಡಕ ಕಾರಲ್ಲೇ ಉಳೀತು. ನೀನೇ ಓದು."

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಕಾಗದ ಎತ್ತಿಕೊಂಡು ಓದತೊಡಗಿದ. "ಮೇಲ್ಕಂಡ ಮನೆಯ ಬಚ್ಚಲಿನಲ್ಲಿ ಹಳೆಯ ಕೊಳವೆಗಳನ್ನು ತೆಗೆದು, ಎರಡು ಇಂಚಿನ ಹೊಸ ಕೊಳವೆ ಅಳವಡಿಸಲು ಮಾಲೀಕರಾದ ನಾವು..." ಎಲ್ಲಿಯೂ ತಡವರಿಸಲಿಲ್ಲ. ಪುಟ ಮಗುಚಿ ಎರಡನೆಯದನ್ನೂ ಓದಿದ.

ಈ ಓದು ನನಗೆ ಹೊಸದಲ್ಲ. ನಮ್ಮಮ್ಮನಿಗೆ ಪೋಲಿಷ್ ಬಿಟ್ಟರೆ ಬೇರೆ ಅಕ್ಷರ ಬರುತ್ತಿರಲಿಲ್ಲ. ಲೆನ್ನಿ ತನ್ನ ಶಾಲೆಯ ಅಂಕಪಟ್ಟಿಯನ್ನು ಇದೇ ಮೇಜಿನ ಬಳಿ ನಿಂತು ಅವಳಿಗೆ ಓದಿ ಹೇಳುತ್ತಿದ್ದ. ಗಣಿತ ಉತ್ತಮ, ನಡತೆ ಅತ್ಯುತ್ತಮ, ಪಟ್ಟಿಯಲ್ಲಿ ಏನೇ ಬರೆದಿರಲಿ. ಅವಳು ತಲೆ ಸವರಿ ಸಹಿ ಹಾಕುತ್ತಿದ್ದಳು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರುತ್ತಿದ್ದೆ. ತಮ್ಮ ಏಟು ತಿನ್ನುವುದು ನನಗೆ ಬೇಕಿರಲಿಲ್ಲ. ಈಗ ಅವನು ನನ್ನನ್ನೇ ಅಮ್ಮನ ಜಾಗದಲ್ಲಿ ಕೂರಿಸಿದ್ದ.

"ಬಾಗಿಲಿನ ವಿಷ್ಯ ಬರ್ದಿಲ್ವಾ ಅದ್ರಲ್ಲಿ?" ಎಂದೆ.

"ಯಾವ ಬಾಗ್ಲು?"

"ವಯಸ್ಸಾದೋರು ಹುಡುಕ್ಕೊಂಡು ಬರೋ ಬಾಗ್ಲು."

ಕಾಗದ ಹಿಡಿದ ಅವನ ಕೈ ಕೆಳಗಿಳಿಯಿತು. "ಕಟ್ ಆಯ್ತು ಅಂದೆ."

"ಹೂಂ, ಅಂದೆ."

ಅವನ ಮುಖ ಕೆಂಪಾಯಿತು. ನಾಚಿಕೆಗಲ್ಲ, ಸಿಟ್ಟಿಗೆ. "ಅರ್ಧ ನಂದೂ ಕಣೇ! ಐವತ್ತೊಂಬತ್ತು ವರ್ಷಕ್ಕೆ ಚಿಕ್ಕಂದಿನ ಮಂಚದ ಮೇಲೆ ಕಾಲು ಮಡಚ್ಕೊಂಡು ಮಲಗ್ತಿದೀನಿ. ನಂಗೂ ಒಂದು ಸೂರು ಬೇಡ್ವಾ?"

"ಅಮ್ಮ ಹಾಸಿಗೆ ಹಿಡ್ದಾಗ ಈ ಅರ್ಧ ಎಲ್ಲಿತ್ತೋ? ಅವಳನ್ನ ಅರ್ಧ ಎತ್ತಿ ಕೂರ್ಸಿದ್ಯಾ? ಅರ್ಧ ತೊಳ್ದಿದ್ಯಾ?"

"ಅದನ್ನೇ ಸಾಯೋವರ್ಗೂ ಹೇಳ್ತಿರು! ನೇರ ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಮತ್ತೆ?"

"ಆದ್ರೂ ಕೇಳ್ಬೇಕಿತ್ತು. ನನ್ ಮಂಡೀನ ಮಧ್ಯಕ್ಕೆ ತರಬಾರ್ದಿತ್ತು."

ಅವನ ಕೈಯಿಂದ ಕಾಗದ ಕಿತ್ತುಕೊಂಡು ನಾಲ್ಕಾಗಿ ಮಡಚಿ, ಎಲೆಕೋಸಿನ ಬಿಸಿ ಪಾತ್ರೆಯ ಕೆಳಗಿಟ್ಟೆ. "ತೊಲಗು" ಎಂದೆ. "ಬಾಗ್ಲು ಅಗಲ ಮಾಡಿದೀಯಲ್ಲ, ನೀನೂ ನಿನ್ ಸುಳ್ಳೂ ಒಟ್ಟಿಗೇ ಆಚೆ ಹೋಗ್ಬೋದು."

ವಕೀಲನ ಕಡೆಯಿಂದ ಪತ್ರ ಬರುತ್ತೆ ಎಂದ. ಬರಲಿ ಎಂದೆ. ಕಾಲು ಗಂಟೆ ಮೇಲಿನ ಕೋಣೆಯಲ್ಲಿ ಡಬಡಬ ಸದ್ದು ಮಾಡಿ ಒಂದು ಚೀಲ ಹಿಡಿದು ಇಳಿದು ಬಂದ, ಇಳಿಜಾರಿನಲ್ಲಿ ದಡದಡನೆ ಹೋದ. ನಾನು ಊಟಕ್ಕೆ ಕೂತೆ. ಎರಡು ನಿಮಿಷಕ್ಕೆ ತಿರುಗಿ ಬಂದು ಬಾಗಿಲಲ್ಲಿ ನಿಂತ.

"ನಿನ್ ಕಾರು ಅಡ್ಡ ಇದೆ. ತೆಗಿ."

ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಹೋದೆ. "ಸ್ವಾಗತ, ಲೆನ್ನಿ" ಎಂದಿತು ಕಾರು. ಬಾಯಿಗೆ ಬಂದಂತೆ ಬೈದೆ. ಇನ್ನೂ ಕರಗದೆ ಉಳಿದಿದ್ದ ಹಿಮದ ಗುಡ್ಡೆ ಕಂಡು ಎರಡು ಸಲ ಕಿರುಚಿ ನಿಂತಿತು. ಕೊನೆಗೆ ಹೇಗೋ ರಸ್ತೆಗೆ ತಂದು, ಅವನು ಹೋಗಲೆಂದು ಕಾಯುತ್ತ ಕೂತೆ. ಟ್ರಕ್ಕು ಗುರುಗುಟ್ಟುತ್ತಿತ್ತು, ಕದಲಲಿಲ್ಲ. ಅವನು ಯಾರಿಗೋ ಫೋನು ಮಾಡುತ್ತಿದ್ದ. ನನ್ನ ಪರದೆಯ ಮೇಲೆ ಹೆಸರು ಮೂಡಿತು: ಟೆಸ್. ಅವನ ಒಬ್ಬಳೇ ಮಗಳು, ಪಿಟ್ಸ್‌ಬರ್ಗಿನಲ್ಲಿರುವವಳು.

"ಹಲೋ? ಅಪ್ಪಾ?" ಎಂದು ಅವಳ ದನಿ ನನ್ನ ಕಾರಿನಲ್ಲಿ ಕೇಳಿಸಿತು. ಅತ್ತ ಟ್ರಕ್ಕಿನ ಗಾಜಿನ ಹಿಂದೆ ಲೆನ್ನಿಯ ಬಾಯಿ ಹಲೋ ಹಲೋ ಎನ್ನುತ್ತಿದ್ದುದು ಕಾಣುತ್ತಿತ್ತು.

"ಮಾತಾಡ್ತಿಲ್ವಾ? ಸರಿ, ನಾನೇ ಹೇಳ್ತೀನಿ. ಅತ್ತೆ ಜೊತೇನೂ ಕಿತ್ತಾಡ್ಕೊಂಡ್ರಿ, ಅಲ್ವಾ? ಇಲ್ಲಿಗ್ ಬರ್ಬೇಡಿ ಅಪ್ಪ. ಹೋದ್ಸಲ ಆಗಿದ್ದೇ ಸಾಕು. ಬಂದ್ರೂ ನಾನು ಬಾಗ್ಲು ತೆಗ್ಯಲ್ಲ."

"ಟೆಸ್, ನಾನು ಬರ್ನಿ ಅತ್ತೆ" ಎಂದೆ.

"ಅಪ್ಪಂಗೆ ಕೇಳಿಸ್ತಾ?" ಎಂದಳು.

"ಇಲ್ಲ. ನಂಗೊಬ್ಳಿಗೇ."

"ಹಾಗಾದ್ರೆ ನೀವೇ ಹೇಳ್ಬಿಡಿ ಅತ್ತೆ" ಎಂದು ಫೋನು ಇಟ್ಟಳು.

ಲೆನ್ನಿ ಇಳಿದು ನನ್ನ ಕಡೆ ಬರುತ್ತಿದ್ದ. ಹೇಳಿಬಿಡಬೇಕೆಂದು ನನ್ನ ನಾಲಿಗೆ ತುರಿಸಿತು. ಮಧ್ಯಾಹ್ನದಿಂದ ಅವನಿಗೆ ಎಸೆಯಲು ಕಲ್ಲು ಹುಡುಕುತ್ತಿದ್ದೆ, ಅವನ ಮಗಳೇ ಕೈಗಿಟ್ಟಿದ್ದಳು. ಕಿಟಕಿ ಇಳಿಸಿದೆ.

"ಟೆಸ್ ಏನಂದ್ಲು?" ಎಂದ. ಊಟದ ಮೇಜಿನ ಬಳಿಯ ಆ ಸಿಟ್ಟಿನ ಮುಖ ಅಲ್ಲಿರಲಿಲ್ಲ. ಕೂದಲಲ್ಲಿ ಸಿಮೆಂಟಿನ ಪುಡಿ, ಗಲ್ಲದ ಮೇಲೆ ನರೆತ ಕುರುಚಲು ಗಡ್ಡ. ಉತ್ತರ ಗೊತ್ತಿದ್ದೂ ಕೇಳುತ್ತಿದ್ದ.

"ಕಟ್ ಆಯ್ತು" ಎಂದೆ.

ಅವನು ನನ್ನನ್ನೇ ನೋಡುತ್ತ ನಿಂತ. ಆ ಕಾರಿನಲ್ಲಿ ಒಂದು ಕರೆಯೂ ತಾನಾಗಿ ಕಟ್ ಆದದ್ದಿಲ್ಲವೆಂದು ಅವನಿಗೂ ಗೊತ್ತಿತ್ತು. ತಲೆ ತಗ್ಗಿಸಿ ಟ್ರಕ್ಕಿನ ಕಡೆ ಹೊರಟ.

"ಏಯ್! ಬಚ್ಚಲಲ್ಲಿ ಅರ್ಧ ಗೋಡೆ ಹಾಗೇ ಬಿಟ್ಟು ಎಲ್ಲಿಗ್ ಹೊರಟೆ?" ಎಂದು ಕೂಗಿದೆ. "ನಾನೇನ್ ಬೀದೀಲಿ ಸ್ನಾನ ಮಾಡ್ಲಾ? ಅದನ್ನ ಮುಗ್ಸು. ಆಮೇಲೆ ಆ ದರಿದ್ರ ಬೂದಿ ಮೇಲೆ ಅಮ್ಮನ ಹಳದಿ ಹೊಡಿ."

ಅವನು ನಿಂತ, ತಿರುಗಲಿಲ್ಲ. "ಬೂದಿ ಮೇಲೆ ಹಳದಿ ಸುಲಭಕ್ಕೆ ಕೂರಲ್ಲ. ಮೂರು ಸಲ ಹೊಡೀಬೇಕು."

"ಹತ್ತು ಸಲ ಹೊಡಿ. ಸಹಿ ಮಾತ್ರ ನಾನು ಹಾಕಲ್ಲ. ನಿನ್ನ ಕ್ಷಮ್ಸಿದೀನಿ ಅಂತಾನೂ ಅಂದ್ಕೋಬೇಡ."

"ಅಂದ್ಕೊಂಡಿಲ್ಲ" ಎಂದ.

ಟ್ರಕ್ಕು ಆರಿಸಿ, ಚೀಲ ಹೆಗಲಿಗೇರಿಸಿಕೊಂಡು ಇಳಿಜಾರು ಹತ್ತಿ ಒಳಗೆ ಹೋದ. ನಾನು ಕಾರನ್ನು ಮತ್ತೆ ಓಣಿಗೆ ತಂದು, ಅವನ ಟ್ರಕ್ಕಿನ ಹಿಂದೆ ಒತ್ತಿ ನಿಲ್ಲಿಸಿದೆ.