ಮುದ್ರೆ ಒಡೆದ ಸಂಜೆ

ನಾನು ಒಂದು ಮರದ ಪೆಟ್ಟಿಗೆ. ಹುಟ್ಟಿದ್ದು ಕ್ಯೂಬಾ ದೇಶದ ಹವಾನಾದಲ್ಲಿ. ಅಲ್ಲಿ ಸಾಲಾಗಿ ಕುಳಿತವರು ಹೊಗೆಸೊಪ್ಪನ್ನು ಸಿಗಾರಾಗಿ ಸುತ್ತುತ್ತಿದ್ದರೆ, ಎತ್ತರದ ಪೀಠದಲ್ಲಿ ಕುಳಿತವನೊಬ್ಬ ಅವರಿಗೆ ಬೇಸರವಾಗದಂತೆ ಪತ್ರಿಕೆ ಓದಿ ಹೇಳುತ್ತಿದ್ದ. ನನ್ನ ಒಡಲಲ್ಲಿ ಇಪ್ಪತ್ತೈದು ಸಿಗಾರುಗಳನ್ನು ಮಲಗಿಸಿ, ಮುಚ್ಚಳಕ್ಕೆ ಹಸಿರು ಕಾಗದದ ಮುದ್ರೆ ಅಂಟಿಸಿದರು.

ನನ್ನನ್ನು ಕೊಂಡವರು ಹಡಗಿನ ಎಂಜಿನಿಯರ್ ತ್ಯಾಂಪಣ್ಣ ಶೆಟ್ಟರು. ನಾನು ಉಳ್ಳಾಲದ ಅವರ ಮನೆ ಮುಟ್ಟುವ ಹೊತ್ತಿಗೆ ಕಾರ್ಖಾನೆಯವರು ಆ ಬಗೆಯ ಸಿಗಾರು ಮಾಡುವುದನ್ನೇ ನಿಲ್ಲಿಸಿದ್ದರು. ಸುದ್ದಿ ತಿಳಿದ ಮೇಲೆ ಶೆಟ್ಟರಿಗೆ ನನ್ನನ್ನು ತೆರೆಯಲು ಮನಸ್ಸೇ ಬರಲಿಲ್ಲ. "ಇದು ಮುಗಿದ್ರೆ ಮತ್ತೆ ಇಲ್ಲ" ಎನ್ನುತ್ತಿದ್ದರು. ಸೇದುವ ವಸ್ತುವನ್ನು ಸೇದದೆ ಪ್ರೀತಿಸುವುದನ್ನು ಕಂಡು ನಾನು ದಂಗಾದೆ. ಹಾಗೆಯೇ ಮೂವತ್ತು ವರ್ಷ ಕಳೆಯಿತು.

ಶೆಟ್ಟರ ಶ್ವಾಸಕೋಶ ಕೆಟ್ಟಿತು. ಒಂದು ದಿನ ಹೆಂಡತಿ ಗುಲಾಬಿಯಮ್ಮನ ಕೈ ಹಿಡಿದು, "ಒಂದು ತೆಗ್ದು ಕೊಡು" ಎಂದರು.

"ಡಾಕ್ಟ್ರು ಬೈತಾರೆ. ಸುಮ್ಮನೆ ಮಲಗಿ."

ಆಕೆ ನನ್ನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮೂರನೆಯ ದಿನ ಶೆಟ್ಟರು ತೀರಿಕೊಂಡರು.

ಆಟಿ ತಿಂಗಳು ಬಂತು. ತೀರಿಹೋದವರಿಗೆ ಇಷ್ಟವಾದುದನ್ನೆಲ್ಲ ಎಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕಾಯುವ ತಿಂಗಳು ಅದು. ಬಡಿಸುವ ಸಂಜೆಯೇ ಆಲ್ಬನ್ ರೇಗೊ ಬಂದರು. ಹಳೆಯ ಸಿಗಾರು ಪೆಟ್ಟಿಗೆಗಳನ್ನು ಕೂಡಿಡುವುದು ಅವರ ಹುಚ್ಚು. ನನ್ನನ್ನು ಮಾರಿರೆಂದು ವಾರದಿಂದ ಫೋನು ಮಾಡುತ್ತಿದ್ದರು. ಅವರು ಒಳಗೆ ಕಾಲಿಟ್ಟಾಗ ಗುಲಾಬಿಯಮ್ಮ ಅಡಿಗೆಮನೆಯ ಚೂರಿಯಿಂದ ನನ್ನ ಮುದ್ರೆ ಸೀಳುತ್ತಿದ್ದರು.

ರೇಗೊ ಗೋಡೆ ಹಿಡಿದುಕೊಂಡರು.

"ಎಂತ ಮಾಡಿದ್ರಿ ಅಕ್ಕ. ಮುದ್ರೆ ಒಡೆಯದ ಇಂಥ ಪೆಟ್ಟಿಗೆ ಲೋಕದಲ್ಲಿ ನಾಲ್ಕೋ ಐದೋ ಉಂಟಷ್ಟೆ."

"ಇದನ್ನು ಬೇಡಿದವರು ಒಬ್ಬರಿದ್ರು, ಪೊರ್ಬುಗಳೆ. ಅವರಿಗೇ ನಾನು ಕೊಡ್ಲಿಲ್ಲ."

ಕ್ರೈಸ್ತ ಹಿರಿಯರನ್ನು ಈ ಕಡೆ ಹಾಗೆ ಕರೆಯುತ್ತಾರೆ.

ಆಕೆ ಒಂದು ಸಿಗಾರು ತೆಗೆದು ಕಡ್ಡಿ ಗೀರಿದರು. ತುದಿ ಕಪ್ಪಾಯಿತು, ಹತ್ತಲಿಲ್ಲ. ಮೂರು ಕಡ್ಡಿ ಮುಗಿದವು.

"ನನ್ನ ಕೈಯಿಂದ ಅವರಿಗೆ ಬೇಡ ಅಂತ ಕಾಣ್ತದೆ."

"ಹಾಗಲ್ಲ ಅಕ್ಕ. ಮುಚ್ಚಿದ ತುದಿ ಕತ್ತರಿಸ್ಬೇಕು. ಬಾಯಲ್ಲಿಟ್ಟು ಎಳೀಬೇಕು."

"ಹಾಗಾದ್ರೆ ನೀವೇ ಹತ್ತಿಸಿ ಕೊಡಿ."

ರೇಗೊ ತಲೆ ತಗ್ಗಿಸಿದರು. "ನಾನು ಇಷ್ಟರವರೆಗೆ ಒಂದೂ ಸೇದಿದವನಲ್ಲ."

"ಮನೆ ತುಂಬ ಇಟ್ಟುಕೊಂಡು? ನಮ್ಮವರಿಗೆ ನೀವು ಸರಿಯಾದ ಜೋಡಿ ಮಾರಾಯ್ರೆ."

ರೇಗೊ ತುದಿ ಕತ್ತರಿಸಿ, ಹತ್ತಿಸಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಕೋಳಿ ಸುಕ್ಕ ಬಡಿಸಿದ್ದ ಎಲೆಯ ಬದಿಗೆ ಒಂದು ಬಸಿಯಲ್ಲಿ ಸಿಗಾರನ್ನಿಟ್ಟರು. ಇಬ್ಬರೂ ಹೊರಗೆ ಹೋಗಿ ಬಾಗಿಲೆಳೆದರು.

ನಾನು ಒಳಗೇ ಉಳಿದೆ. ಯಾರೂ ಬಂದುದನ್ನು ನಾನು ಕಾಣಲಿಲ್ಲ. ಸೇದುವವರಿಲ್ಲದ ಸಿಗಾರು ಅರ್ಧ ಉರಿದು ತಾನಾಗಿ ಆರಿತು.

ಬಾಗಿಲು ತೆರೆಯಿತು. ಗುಲಾಬಿಯಮ್ಮ ಬಸಿಯ ಮುಂದೆ ನೆಲದಲ್ಲಿ ಕುಳಿತರು.

"ಅರ್ಧ ಸೇದಿ ಇಟ್ಟಿದ್ದಾರೆ. ಇನ್ನರ್ಧ ಚಹಾ ಆದ ಮೇಲೆ. ಸಿಗರೇಟನ್ನೂ ಯಾವತ್ತೂ ಹಾಗೇ ಸೇದ್ತಿದ್ರು ಅವರು."

ಎಳೆಯದ ಸಿಗಾರು ಆರಿಹೋಗುತ್ತದೆಂಬುದು ರೇಗೊಗೆ ಗೊತ್ತಿತ್ತು. ಅವರು ಬೂದಿ ಚೆಲ್ಲದಂತೆ ಬಸಿಯನ್ನು ಎಲೆಯ ಹತ್ತಿರಕ್ಕೆ ಸರಿಸಿದರು. ಆಮೇಲೆ, "ಹಾಗಾದ್ರೆ ಚಹಾ ಇಡಿ ಅಕ್ಕ" ಎಂದರು.

ಈಗ ನಾನು ದೇವರ ಕೋಣೆಯ ಮೂಲೆಯಲ್ಲಿದ್ದೇನೆ. ಮುದ್ರೆ ಒಡೆದ ನನ್ನನ್ನು ಕೊಳ್ಳಲು ಯಾರೂ ಬರುವುದಿಲ್ಲ. ಆಟಿಗೊಮ್ಮೆ ರೇಗೊ ಬಂದು ಒಂದನ್ನು ಹತ್ತಿಸಿ ಕೊಡುತ್ತಾರೆ. ಕಣ್ಣಿಗೆ ಕಂಡದ್ದಷ್ಟೇ ಸತ್ಯವೆಂದು ಸಾಧಿಸುವ ಧೈರ್ಯ ನನಗಿಲ್ಲ. ತೀರಿಹೋದವರು ಬಂದು ಹೋಗುವ ಬಗೆಯನ್ನು ಪೆಟ್ಟಿಗೆಯೊಂದು ಹೇಗೆ ಬಲ್ಲದು? ಒಳಗೆ ಏನು ಕಂಡೆಯೆಂದು ಗುಲಾಬಿಯಮ್ಮ ನನ್ನನ್ನು ಕೇಳಿಲ್ಲ, ಕೇಳದಿರಲಿ.