ಗಾಳಿ ಬಂದ ದಿಕ್ಕು

ಆ ಬೆಳಿಗ್ಗೆ ಮಂಜು ಬೇಗ ಕರಗಿ, ಸೂರ್ಯ ಹುಟ್ಟುವ ಕಡೆಯಿಂದ ತೆಳ್ಳನೆಯ ಗಾಳಿ ಬೀಸುತ್ತಿತ್ತು. ಬಸ್ಸೊಂದು ಗುರುಗುಟ್ಟುತ್ತ ಹೊರಟಿತು. ಅದರ ಕರಿಹೊಗೆ ರಸ್ತೆ ದಾಟಿ ನೇರ ಅಕ್ಕನ ಕಿಟಕಿಯೊಳಗೆ ನುಗ್ಗಿದ್ದನ್ನು ತಂಗಿ ಎದುರಿನ ತನ್ನ ಮನೆಯಿಂದ ನೋಡುತ್ತ ನಿಂತಳು.

ಹಾಗಾಗಬಾರದಿತ್ತು. ವಾಹನಗಳ ಹೊಗೆ ನಗರದಲ್ಲಿ ಎಲ್ಲೆಲ್ಲಿಗೆ ಹರಡುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಕ್ಷೆ ಮಾಡುವುದೇ ಅವಳ ಕೆಲಸ. ಗಾಳಿ ಹೆಚ್ಚಾಗಿ ಪೂರ್ವಕ್ಕೆ ಹೋಗುತ್ತದೆಂದು ಅವಳ ಲೆಕ್ಕ. ಅದರಂತೆ ಈ ರಸ್ತೆಯ ಪೂರ್ವದ ಸಾಲು ನಕ್ಷೆಯಲ್ಲಿ ಕಡುಗೆಂಪು, ಪಶ್ಚಿಮದ ಸಾಲು ತಿಳಿಹಸಿರು. ಮೊದಲು ಅಕ್ಕ ಇದ್ದದ್ದು ಕೆಂಪಿನಲ್ಲಿ, ತಾನು ಹಸಿರಿನಲ್ಲಿ. ಅಕ್ಕನ ಮಗಳು ಪುಟ್ಟಿಗೋ ಉಬ್ಬಸ. ತಂಗಿ ಹಟ ಹಿಡಿದು ಮನೆ ಅದಲುಬದಲು ಮಾಡಿಸಿದ್ದಳು. ಅಂದಿನಿಂದ ಉಬ್ಬಸ ಇಳಿಯುವ ಬದಲು ಏರಿತ್ತು.

"ರಾತ್ರಿಯೆಲ್ಲ ಕೂತೇ ಇದ್ಲು ಕಣೇ," ಎಂದಳು ಅಕ್ಕ, ರಸ್ತೆ ದಾಟಿ ಬಂದ ತಂಗಿಗೆ ಬಾಗಿಲಲ್ಲೇ. "ನಿನ್ನ ಹಸಿರು ಬಣ್ಣದ ಸುದ್ದಿ ಇವಳ ಎದೆಗಿನ್ನೂ ಮುಟ್ಟಿಲ್ಲ ಅಂತ ಕಾಣುತ್ತೆ."

"ಲೆಕ್ಕ ಮತ್ತೆ ಮತ್ತೆ ನೋಡ್ದೆ ಅಕ್ಕ. ನಂಗೇ ತಲೆಬುಡ ತಿಳೀತಿಲ್ಲ."

"ಚಿಕ್ಕಮ್ಮಾ, ಆ ನಕ್ಷೆನ ಗಾಳಿಗೇ ತೋರ್ಸು," ಎಂದಳು ಪುಟ್ಟಿ, ಮಾತಿನ ನಡುನಡುವೆ ಏದುಸಿರು ಬಿಡುತ್ತ. ತಂಗಿ ಅವಳ ತಲೆ ಸವರಿ ಕಚೇರಿಗೆ ಹೊರಟಳು.

ಕಚೇರಿಯಲ್ಲಿ ವಾಹನಗಳ ಎಣಿಕೆ ನೋಡಿದಳು, ಸರಿಯಿತ್ತು. ಕಟ್ಟಡಗಳ ಎತ್ತರ ನೋಡಿದಳು, ಅದೂ ಸರಿ. ಬೆಳಗಿನ ಹೊಗೆ ಮಾತ್ರ ಕಣ್ಣ ಮುಂದಿನಿಂದ ಸರಿಯಲೊಲ್ಲದು. ಕೊನೆಗೆ ಹವಾಮಾನ ವಿಭಾಗದ ಹಿರಿಯ ಅಧಿಕಾರಿಯ ಮೇಜಿಗೆ ಹೋದಳು.

"ಸರ್, ಗಾಳಿಯ ದಿಕ್ಕು ತೊಂಬತ್ತು ಡಿಗ್ರಿ ಅಂತ ಕೊಟ್ಟಿದೀರಿ. ಪೂರ್ವಕ್ಕೆ ಹೋಗುತ್ತೆ ಅಂತ ತಾನೆ?"

"ಅಯ್ಯೋ ತಾಯಿ, ಪೂರ್ವದಿಂದ ಬರುತ್ತೆ ಅಂತ! ಮನೆಗೆ ಬಂದ ನೆಂಟರನ್ನ ಎಲ್ಲಿಂದ ಬಂದ್ರಿ ಅಂತ ಕೇಳ್ತೀವೋ, ಎಲ್ಲಿಗೆ ಹೊರಟ್ರಿ ಅಂತ್ಲೋ?"

ಮೂಡಗಾಳಿಯೆಂದರೆ ಮೂಡಣದಿಂದ ಬೀಸುವುದೆಂದು ಅವಳಿಗೇನು ಗೊತ್ತಿರಲಿಲ್ಲವೇ? ಅದೇ ಗಾಳಿ ಅಂಕಿಯ ವೇಷ ತೊಟ್ಟು ಬಂದಾಗ ಗುರುತು ಸಿಕ್ಕಿರಲಿಲ್ಲ. ಕೆಂಪು ಇರಬೇಕಾದಲ್ಲಿ ಹಸಿರು ಬಳಿದು, ದೇವರು ಕೊಟ್ಟ ಉಸಿರನ್ನು ಮಗುವಿನ ಕೈಯಿಂದ ತಾನೇ ಕಿತ್ತುಕೊಂಡಂತಾಗಿತ್ತು.

ಅರ್ಧ ದಿನದ ರಜೆ ಹಾಕಿ ನೇರ ಅಕ್ಕನಲ್ಲಿಗೆ ಬಂದಳು. ಪುಟ್ಟಿ ತಾಯಿಯ ಹೆಗಲಿಗೊರಗಿ ಕಣ್ಣು ಮುಚ್ಚಿದ್ದಳು.

"ಅಕ್ಕಾ, ನಾನು ಗಾಳಿನೇ ತಿರುವುಮುರುವು ಓದಿಬಿಟ್ಟಿದ್ದೆ."

ಅಕ್ಕ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. "ಏನಂದ್ಯೋ ನಂಗೊಂದೂ ಅರ್ಥ ಆಗ್ಲಿಲ್ಲ ಕಣೇ. ಈಗೇನು ಮಾಡೋಣ, ಅದನ್ನ ಹೇಳು."

ತಂಗಿ ಎದುರಿನ ತನ್ನ ಮನೆಯ ಬೀಗದ ಕೈಯನ್ನು ಅಕ್ಕನ ಅಂಗೈಯಲ್ಲಿಟ್ಟು, ಪುಟ್ಟಿಯ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿಯತೊಡಗಿದಳು.