ಟೈಲರಮ್ಮ ಒತ್ತಿದ ಓಟು

ಆ ಕಟ್ಟಡದ ವಾಟ್ಸಾಪ್ ಗುಂಪು ಹುಟ್ಟಿದ್ದು ನೀರು ಬರುವ ಹೊತ್ತು ತಿಳಿಸಲಿಕ್ಕೆ. ಈಗ ನೀರಿನ ಸುದ್ದಿ ಅಪರೂಪ, ಜೋಕು ಮಾತ್ರ ಧಾರಾಳ. ಐದನೇ ಮಹಡಿಯಲ್ಲಿ ಒಬ್ಬರಿದ್ದರು, ಹಲ್ಲುಜ್ಜುವ ಮೊದಲೇ ಜೋಕು ಕಳಿಸುವವರು. ಮಕ್ಕಳು ಅವರಿಗೆ ಜೋಕ್ ಮಾಮ ಎಂದೇ ಹೆಸರಿಟ್ಟಿದ್ದರು. ಹೆಂಡತಿಯರ ಮೇಲೆ ಜೋಕು, ದಪ್ಪಗಿರುವವರ ಮೇಲೆ ಜೋಕು, ಕಿವಿ ಕೇಳದವರ ಮೇಲೆ ಜೋಕು. ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದು ನಗುವ ಮುಖ ಒತ್ತಿ ಫೋನು ಮಗುಚಿ ಇಡುತ್ತಿದ್ದರು.

ನೆಲಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಟೈಲರಮ್ಮನೂ ಹಾಗೇ ಒತ್ತುತ್ತಿದ್ದಳು. ಗಿರಾಕಿಗಳೆಲ್ಲ ಅದೇ ಗುಂಪಿನಲ್ಲಿದ್ದರು. ಅವರ ಜತೆ ಮುಖ ಕೆಡಿಸಿಕೊಂಡರೆ ಹೊಟ್ಟೆಪಾಡು ನಡೆಯುವುದು ಹೇಗೆ?

ಒಂದು ದಿನ ಜೋಕ್ ಮಾಮನಿಂದ ಬಂದದ್ದು ಜೋಕಲ್ಲ, ಓಟಿಂಗ್. "ನಮ್ಮ ಲಿಫ್ಟ್ ಮೆಕ್ಯಾನಿಕ್ ಯಾರು?" ಎಂದು ಮೇಲೆ ಪ್ರಶ್ನೆ. ಕೆಳಗೆ ಆರಿಸಿಕೊಳ್ಳಲಿಕ್ಕೆ ಅಣ್ಣ, ಅಕ್ಕ, ಎರಡೂ ಅಲ್ಲ. ಪಕ್ಕದಲ್ಲಿ ಕಣ್ಣೀರು ಸುರಿಸಿ ನಗುವ ಮುಖಗಳ ಸಾಲು.

ಲಿಫ್ಟ್ ಮೆಕ್ಯಾನಿಕ್ ಟೈಲರಮ್ಮನ ಮಗ. ಹುಟ್ಟಿದಾಗ ಮಗಳು ಎಂದು ಬರೆಸಿದ್ದರು. ಮಗಳಾಗಿ ಅವನಿಗೆ ಒಂದು ದಿನವೂ ಸುಖವಿರಲಿಲ್ಲ. ಕೆಲಸ ಕಲಿತು, ಸ್ವಂತ ದುಡಿಮೆಯಲ್ಲಿ ಡಾಕ್ಟರನ್ನು ಕಂಡು, ಹೆಸರು ಬದಲಾಯಿಸಿಕೊಂಡು, "ನಾನು ಗಂಡಸು" ಎಂದು ನೆಟ್ಟಗೆ ನಿಂತು ಹೇಳಿ ವರ್ಷಗಳಾಗಿದ್ದವು. ಕೆಲಸದ ಕಡೆ ಎಲ್ಲರೂ ಅವನನ್ನು ಸ್ಪ್ಯಾನರ್ ಎಂದೇ ಕರೆಯುತ್ತಿದ್ದರು. ತಾಯಿ ಮಾತ್ರ ಯಾವ ಹೆಸರೂ ಹಿಡಿದು ಕರೆಯುತ್ತಿರಲಿಲ್ಲ. "ಏಯ್, ಊಟಕ್ಕೆ ಬಾ" ಅಷ್ಟೇ. ಅಂಗಿ ಹೊಲಿದುಕೊಟ್ಟರೆ ಹೆಂಗಸರ ಅಂಗಿಯ ಹಾಗೆ ಗುಂಡಿಯನ್ನು ಎಡಕ್ಕೇ ಹಾಕುತ್ತಿದ್ದಳು. ಅವನು ಅದನ್ನು ಮಡಿಸಿಟ್ಟು ರೆಡಿಮೇಡ್ ತರುತ್ತಿದ್ದ. ಟೈಲರಮ್ಮನ ಮನೆಯಲ್ಲೇ ರೆಡಿಮೇಡ್ ಅಂಗಿ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ಓಟಿಂಗ್ ನೋಡನೋಡುತ್ತ ಏರತೊಡಗಿತು. ಬೀಳುವ ಓಟೆಲ್ಲ "ಎರಡೂ ಅಲ್ಲ" ಎಂಬುದಕ್ಕೆ. ಟೈಲರಮ್ಮನ ಕಿವಿ ಬಿಸಿಯಾಯಿತು. ಓಟು ಅಂದಮೇಲೆ ಗುಟ್ಟಾಗಿಯೇ ಇರುತ್ತದೆ ಎಂದುಕೊಂಡಳು. ಬಾಗಿಲ ಕಡೆ ಒಮ್ಮೆ ನೋಡಿ "ಅಕ್ಕ" ಒತ್ತಿದಳು.

ಸಂಜೆ ಎರಡನೇ ಮಹಡಿಯ ನರ್ಸಕ್ಕ ಬಂದಳು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅವಳಿಗೆ ಕೆಲಸ. ಬಿಳಿ ಕೋಟಿನ ಜೇಬು ಹರಿದಿತ್ತು. ಕೋಟು ಮೇಜಿನ ಮೇಲೆ ಹಾಕಿದವಳೇ ಕೇಳಿದಳು:

"ಏನಮ್ಮಾ, ನೀವೂ ಓಟು ಹಾಕಿದ್ರಾ?"

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಅದನ್ನ ಒತ್ತಿದ್ರೆ ಯಾರ್ಯಾರು ಏನೇನು ಹಾಕಿದ್ದಾರೆ ಅಂತ ಹೆಸರು ಸಮೇತ ತೋರಿಸುತ್ತೆ."

ನರ್ಸಕ್ಕ ಒತ್ತಿ ತೋರಿಸಿದಳು. "ಅಕ್ಕ" ಎಂಬುದರ ಕೆಳಗೆ ಟೈಲರಮ್ಮನ ಹೆಸರೊಂದೇ ಇತ್ತು. ಅದರ ಬೆನ್ನಿಗೇ ಜೋಕ್ ಮಾಮ ಬರೆದಿದ್ದರು: "ಹೆತ್ತವಳೇ ತೀರ್ಪು ಕೊಟ್ಟಾಯ್ತು! ಇನ್ನು ತಮಾಷೆ ಬಿಡಿ. ತಾನೇನು ಅಂತ ಸುಳ್ಳು ಹೇಳೋರನ್ನ ಕಟ್ಟಡದ ಒಳಗೆ ಬಿಡೋದು ಸರೀನಾ? ಭಾನುವಾರದ ಸಭೆಯಲ್ಲಿ ಬೇರೆ ಮೆಕ್ಯಾನಿಕ್ ನೋಡೋಣ." ಅದಕ್ಕೆ ಕಟ್ಟಡದ ಸಂಘದ ಸೆಕ್ರೆಟರಿ ಹೆಬ್ಬೆರಳಿನ ಚಿತ್ರ ಒತ್ತಿ, "ಅಜೆಂಡಾಕ್ಕೆ ಸೇರಿಸಿದ್ದೇನೆ" ಎಂದಿದ್ದರು.

"ಅವನ ಕೆಲಸ ತೆಗೀರಿ ಅಂತ ನಾನು ಯಾವಾಗ ಹೇಳಿದೆ?"

"ಒತ್ತಿದ್ರಲ್ಲ, ಆಗ."

ಟೈಲರಮ್ಮನಿಗೆ ಸಿಟ್ಟೇ ಬಂತು.

"ನೀವು ಆಸ್ಪತ್ರೇಲಿರೋರು, ನೀವೇ ಹೇಳಿ. ಇದು ಕಾಯಿಲೆ ಅಲ್ವಾ? ಫೋನ್ ನೋಡಿ ನೋಡಿ ಬರುತ್ತೆ ಅಂತಾರೆ."

"ಫೋನ್ ನೋಡಿ ಮನುಷ್ಯ ಬದಲಾಗೋ ಹಾಗಿದ್ರೆ ನಮ್ಮೆಜಮಾನರು ಅಡುಗೆ ವಿಡಿಯೋ ನೋಡಿ ನೋಡಿ ಇಷ್ಟೊತ್ತಿಗೆ ದೊಡ್ಡ ಅಡುಗೆಭಟ್ಟರಾಗಬೇಕಿತ್ತು. ಇವತ್ತಿಗೂ ನೀರು ಕಾಯಿಸೋಕೆ ಬರಲ್ಲ. ಕಾಯಿಲೆ ಅಲ್ಲಮ್ಮ. ಹಾಗಂತ ವೈದ್ಯರೇ ಹೇಳ್ತಾರೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ, ಹೊಡೆದರೆ ಹೋಗಲ್ಲ, ಮದುವೆ ಮಾಡಿದ್ರೆ ವಾಸಿ ಆಗಲ್ಲ. ಹುಟ್ಟಿದಾಗ ನಾವು ಮೈ ನೋಡಿ ಗಂಡು, ಹೆಣ್ಣು ಅಂತ ಬರೀತೀವಿ. ಬಹಳ ಜನಕ್ಕೆ ಅದು ಸರಿಹೊಂದುತ್ತೆ. ಕೆಲವರಿಗೆ ಹೊಂದಲ್ಲ."

"ಹೆತ್ತವಳಿಗೆ ಗೊತ್ತಿಲ್ಲದ್ದು ಅವನಿಗೆ ಹೇಗೆ ಗೊತ್ತು?"

"ನೀವು ಅಳತೆ ತಗೊಂಡು ಹೊಲೀತೀರಿ. ಅಂಗಿ ಕಂಕುಳಲ್ಲಿ ಹಿಡಿಯುತ್ತೋ ಇಲ್ವೋ, ಟೇಪು ಹೇಳುತ್ತಾ?"

"ಟೇಪು ಏನು ಹೇಳುತ್ತೆ? ಹಾಕ್ಕೊಂಡವರೇ ಹೇಳ್ಬೇಕು."

"ಹಿಡಿಯುತ್ತೆ ಅಂದ್ರೆ ಗಿರಾಕಿ ಜತೆ ಜಗಳ ಆಡ್ತೀರಾ?"

"ಯಾಕೆ ಆಡ್ಲಿ? ಬಿಚ್ಚಿ ಹೊಲೀತೀನಿ."

ಟೈಲರಮ್ಮ ಕೋಟಿನ ಜೇಬು ಹಿಡಿದು ಬಹಳ ಹೊತ್ತು ಕೂತಳು. ಒಂದು ಹೊಲಿಗೆಯೂ ಬೀಳಲಿಲ್ಲ.

ಅಷ್ಟರಲ್ಲಿ ಸ್ಪ್ಯಾನರ್ ಒಳಗೆ ಬಂದ. ಕೈತುಂಬ ಗ್ರೀಸು. ಫೋನನ್ನು ಮೊಣಕೈಯಿಂದಲೇ ಮೇಜಿನ ಮೇಲೆ ತಳ್ಳಿದ.

"ನೋಡಿದೆ," ಎಂದ.

"ಎಲ್ಲರೂ 'ಎರಡೂ ಅಲ್ಲ' ಅಂತ ಒತ್ತಿ ನಗ್ತಿದ್ರು ಕಣೋ. ಮರ್ಯಾದೆ ಉಳಿಸೋಣ ಅಂತ..."

"ಯಾರ ಮರ್ಯಾದೆ? 'ಎರಡೂ ಅಲ್ಲ' ಅನ್ನೋದು ಬೈಗುಳ ಅಲ್ಲಮ್ಮ, ಹಾಗಿರೋರೂ ಇದ್ದಾರೆ, ಮರ್ಯಾದೆಯಿಂದಲೇ ಬದುಕ್ತಿದ್ದಾರೆ. ನಾನು ಹಾಗಲ್ಲ, ಅಷ್ಟೇ. ಅವರು ನಕ್ಕಿದ್ದು ನನಗೆ ರೂಢಿ ಆಗಿದೆ. ಆದ್ರೆ ಅವರ ಕೈಗೆ ದೊಣ್ಣೆ ಕೊಟ್ಟಿದ್ದು ನೀನು."

ನರ್ಸಕ್ಕ ನಡುವೆ ಬಂದಳು. "ಬೇರೆ ಊರು ಹಿಡೀತೀನಿ ಅಂತ ಮಾತ್ರ ಹೇಳ್ಬೇಡಪ್ಪ."

"ನಾನ್ಯಾಕೆ ಹೋಗ್ಲಿ? ಕೆಲಸ ಸರಿಯಿಲ್ಲ ಅಂತ ತೆಗೆದ್ರೆ ಹೋಗ್ತೀನಿ. ಓಟು ಎಣಿಸಿ ತೆಗೆಯೋಕೆ ಬಂದ್ರೆ ಅಲ್ಲೇ ಕೂರ್ತೀನಿ, ಎಬ್ಬಿಸಲಿ ನೋಡೋಣ." ಆಮೇಲೆ ಕೈ ಒರೆಸಿಕೊಂಡು ಫೋನು ತೆಗೆದ. "ನಗೋದಕ್ಕೆ ನನ್ನ ತಕರಾರಿಲ್ಲ. ನಮ್ಮದೂ ಒಂದು ಗುಂಪಿದೆ. ನನ್ನಂಥವರದ್ದು. ಕೇಳು, ಒಬ್ಬ ಹಾಕಿದ್ದು: 'ಜ್ವರ ಅಂತ ಆಸ್ಪತ್ರೆಗೆ ಹೋದೆ. ಯಾವಾಗಿಂದ ಹೀಗೆ ಅಂದ್ರು. ಮೊನ್ನೆಯಿಂದ ಸಾರ್, ಮೈ ಸುಡುತ್ತೆ ಅಂದೆ. ಅದಲ್ಲ, ಯಾವಾಗಿಂದ *ಹೀಗೆ* ಅಂದ್ರು.'"

ನರ್ಸಕ್ಕ ಬಾಯಿ ಮುಚ್ಚಿಕೊಂಡು ನಕ್ಕಳು. "ನಮ್ಮಲ್ಲೂ ಹೀಗೆ ಕೇಳೋರಿದ್ದಾರೆ, ಸುಳ್ಳಲ್ಲ."

"ಇನ್ನೊಂದು. 'ಗಂಡಸರ ಟಾಯ್ಲೆಟ್ಟಿಂದ ಓಡಿಸಿದ್ರು, ಹೆಂಗಸರ ಟಾಯ್ಲೆಟ್ಟಿಂದಲೂ ಓಡಿಸಿದ್ರು. ತಡ್ಕೊಳ್ಳೋ ಪಂದ್ಯ ಇದ್ರೆ ಹೇಳಿ, ಮೊದಲ ಬಹುಮಾನ ನನಗೇ.'"

ಟೈಲರಮ್ಮನಿಗೂ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು.

"ನೀನೂ ತಡ್ಕೊಂಡಿರ್ತೀಯಾ?"

"ದಿನಾ. ಅದಕ್ಕೇ ನೀರು ಕಡಿಮೆ ಕುಡೀತೀನಿ."

ಮೇಲಿನ ಟ್ಯಾಂಕು ತುಂಬಿದರೆ ಊರಿಗೆಲ್ಲ ತಿಳಿಸುವ ಗುಂಪಿನಲ್ಲಿದ್ದಳು ಅವಳು. ಮಗ ಬಾಯಾರಿಕೊಂಡು ಓಡಾಡುವುದು ಅವಳಿಗೆ ಗೊತ್ತಿರಲಿಲ್ಲ.

"ಓಟು ಬದಲಾಯಿಸಬಹುದಮ್ಮ," ಎಂದಳು ನರ್ಸಕ್ಕ. "'ಅಣ್ಣ' ಒತ್ತಿಬಿಡಿ."

"ಬೇಡ," ಎಂದಳು ಟೈಲರಮ್ಮ. "ಅದನ್ನ ಒತ್ತಿದ್ರೂ ಅವರ ಆಟ ಆಡಿದ ಹಾಗೇ. ತೆಗೆಯೋದು ಹೇಗೆ, ಅದನ್ನ ಹೇಳಿಕೊಡಿ."

ಭಾನುವಾರ ಸಭೆ ಸೇರಿದ್ದು ವಾಹನ ನಿಲ್ಲಿಸುವ ಜಾಗದಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು ಬಂದವು, ಬಂದವರು ಹಿಂದಿನ ಸಾಲುಗಳಲ್ಲೇ ಕೂತರು. ಸ್ಪ್ಯಾನರ್ ಮುಂದಿನ ಸಾಲಿನ ನಡುವಿನ ಕುರ್ಚಿ ಹಿಡಿದ. ಸೆಕ್ರೆಟರಿ ಕೆಮ್ಮಿ, "ಮೆಕ್ಯಾನಿಕ್ ವಿಷಯ" ಎನ್ನುತ್ತಿದ್ದ ಹಾಗೇ ಟೈಲರಮ್ಮ ಎದ್ದು ನಿಂತಳು.

"ಆ ಓಟಿಂಗ್‌ನಲ್ಲಿ ನಾನು ಒತ್ತಿದ್ದು ತಪ್ಪು. ತೆಗೆದಿದ್ದೀನಿ. ನನ್ನ ಹೆಸರು ಹೇಳ್ಕೊಂಡು ಯಾರೂ ನನ್ನ ಮಗನ ಕೆಲಸಕ್ಕೆ ಕೈ ಹಾಕಬೇಡಿ."

ಜೋಕ್ ಮಾಮ ನಕ್ಕರು. "ಅಯ್ಯೋ, ತಮಾಷೆಗೆ ಹಾಕಿದ್ದಮ್ಮ. ಈ ಕಾಲದಲ್ಲಿ ನಗೋದೂ ತಪ್ಪಾ?"

"ತಮಾಷೆ ಆಗಿದ್ರೆ ಅಜೆಂಡಾದಲ್ಲಿ ಏನು ಮಾಡ್ತಿದೆ?"

ಜೋಕ್ ಮಾಮ ಸೆಕ್ರೆಟರಿಯ ಕಡೆ ಕೈ ತೋರಿಸಿದರು.

"ಹೋಗ್ಲಿ, ಇನ್ನೊಂದು ತಮಾಷೆ ಮಾಡೋಣ. ಜೋಕ್ ಮಾಮನ ತಲೆಗೂದಲು ಸ್ವಂತದ್ದಾ, ಅಂಗಡಿದಾ, ಎರಡೂ ಅಲ್ವಾ? ಗುಂಪಿನಲ್ಲಿ ಹಾಕಿ, ಓಟು ಮಾಡೋಣ."

ಹಿಂದಿನ ಸಾಲಿನಿಂದ ಗೊಳ್ಳೆಂದು ನಗು ಎದ್ದಿತು. ಜೋಕ್ ಮಾಮನ ಕೈ ತಾನಾಗಿ ತಲೆಗೆ ಹೋಯಿತು.

"ಸಾಕು, ನಗಬೇಡಿ," ಎಂದಳು ಟೈಲರಮ್ಮ. "ನಾನು ಹಾಕಲ್ಲ. ಅವರ ತಲೆ ಅವರದ್ದು. ನನ್ನ ಮಗನ ಮೈಯೂ ಅವನದ್ದೇ."

ಒಬ್ಬ ಅಜ್ಜ ಸಮಾಧಾನಕ್ಕೆ ಎದ್ದರು. "ಹೋಗ್ಲಿ ಬಿಡ್ರಪ್ಪ, ಏನೇ ಆಗಿರಲಿ, ಹುಡುಗ ಕೆಲಸ ಚೆನ್ನಾಗಿ ಮಾಡ್ತಾನೆ. ಇಟ್ಕೊಳ್ಳೋಣ."

"ಅಜ್ಜಾ, ಲಿಫ್ಟ್ ಕೆಟ್ಟರೆ ಅವನನ್ನ ಬೈರಿ, ಬೇಕಾದ್ರೆ ಬದಲಾಯಿಸಿ. ಆದ್ರೆ ಕೆಲಸ ಚೆನ್ನಾಗಿ ಮಾಡ್ತಾನೆ ಅಂತ ಅವನನ್ನ ಮನುಷ್ಯ ಅಂತ ಒಪ್ಪೋದು ಬೇಡ. ಅವನು ದಂಡಪಿಂಡ ಆಗಿದ್ರೂ ನನ್ನ ಮಗನೇ, ಗಂಡಸೇ. ಅದು ಸಭೆ ಸೇರಿ ತೀರ್ಮಾನ ಮಾಡೋ ವಿಷಯ ಅಲ್ಲ."

ಅಷ್ಟು ಜನರ ಮುಂದೆ "ನನ್ನ ಮಗ" ಎಂದಿದ್ದಳು. ಸ್ಪ್ಯಾನರ್ ತಲೆ ಎತ್ತಿ ನೋಡಿದ.

ನರ್ಸಕ್ಕ ಕೇಳಿದಳು: "ಅವನ ಕೆಲಸದ ಬಗ್ಗೆ ಯಾರದಾದ್ರೂ ದೂರಿದೆಯಾ? ಇದ್ರೆ ಈಗಲೇ ಹೇಳಿ." ಯಾರೂ ಬಾಯಿ ಬಿಡಲಿಲ್ಲ. ಸೆಕ್ರೆಟರಿ ಕನ್ನಡಕ ಒರೆಸಿಕೊಂಡು, ಮೆಕ್ಯಾನಿಕ್ ಬದಲಾಯಿಸುವ ಮಾತಿಲ್ಲ ಎಂದರು. ಗುಂಪಿನ ಅಡ್ಮಿನ್ ಅವರೇ. ಓಟಿಂಗನ್ನು ಎಲ್ಲರ ಕಣ್ಣೆದುರೇ ಅಳಿಸಿದರು.

"ಹಾಗಾದ್ರೆ ನಾನು ಆ ಲಿಫ್ಟ್ ಹತ್ತಲ್ಲ!" ಎಂದು ಜೋಕ್ ಮಾಮ ಮೆಟ್ಟಿಲಿನ ಕಡೆ ನಡೆದರು.

"ನಿಧಾನ ಮಾಮ," ಎಂದು ಸ್ಪ್ಯಾನರ್ ಕೂಗಿದ. "ಸಾಕಾದಾಗ ಯಾವ ಮಹಡಿಯಲ್ಲಾದ್ರೂ ಗುಂಡಿ ಒತ್ತಿ. ಲಿಫ್ಟ್ ಬರುತ್ತೆ. ನೀವ್ಯಾರು ಅಂತ ಅದು ಕೇಳಲ್ಲ."

ಸ್ವಲ್ಪ ಹೊತ್ತಿಗೆ ಲಿಫ್ಟ್ ಹೊರಟು ಮೂರನೇ ಮಹಡಿಯಲ್ಲಿ ನಿಂತ ಸದ್ದು ಕೆಳಗೆ ಕೂತವರಿಗೆಲ್ಲ ಕೇಳಿಸಿತು.

ಇದನ್ನು ಓದುತ್ತಿರುವವರೇ, ಇಂಥದ್ದೊಂದು ಗುಂಪು ನಿಮ್ಮ ಫೋನಿನಲ್ಲೂ ಇದೆ. ಯಾರದೋ ಮೈ, ನಡಿಗೆ, ದನಿ ಹಿಡಿದುಕೊಂಡು ಒಂದು ಜೋಕು ಬಂದೇ ಬರುತ್ತದೆ. ಅದಕ್ಕೆ ನಗುವ ಮುಖ ಒತ್ತಬೇಡಿ, ಮುಂದಕ್ಕೆ ಕಳಿಸಬೇಡಿ. "ಇದನ್ನು ತೆಗೆಯಿರಿ" ಎಂದು ಅಲ್ಲೇ, ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ. ಅಡ್ಮಿನ್ ಆಗಿದ್ದರೆ ನೀವೇ ಅಳಿಸಿ. ಕುತೂಹಲ ಇದ್ದರೆ ತಪ್ಪೇನಿಲ್ಲ, ಆದರೆ ಎದುರಿಗಿರುವವರ ಬಟ್ಟೆಯೊಳಗೆ ಏನಿದೆ ಎಂದು ಕೇಳುವುದು ಕುತೂಹಲವಲ್ಲ, ಹೊಲಸು. ಹೆಸರೇನು, ಹೇಗೆ ಕರೆಯಲಿ ಎಂದು ಕೇಳಿ. ಅವರು ಹೇಳಿದ ಹಾಗೆ ಕರೆಯಿರಿ. ಎಲ್ಲ ಅರ್ಥವಾಗುವ ತನಕ ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲೇ ಇಂಥ ಮಗುವಿದ್ದರೆ, ಊರು ಏನನ್ನುತ್ತದೋ ಎಂದು ಊರಿನ ಕಡೆ ಸೇರಿಕೊಳ್ಳಬೇಡಿ. ಊರಿಗೆ ಜನ ಬೇಕಾದಷ್ಟಿದ್ದಾರೆ. ನಿಮ್ಮ ಮಗುವಿನ ಕಡೆ ನೀವು ನಿಲ್ಲಿ.